ವಸಂತಮ್ಮನ ಪರ್ಮಿಟ್ಟು

ನಮ್ಮ ವಿಜಯನಗರದ ಆಸುಪಾಸಿನಲ್ಲಿ ಹರಿಯುವ ನೀರು ಅಂತ ಇರುವುದು ವೃಷಭಾವತಿ ಒಂದೇ. ಕೆಂಗೇರಿ ಕಡೆ ಹೋಗುವಾಗ ಅದು ಬಂತೆಂದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅಂಥ ಊರಲ್ಲಿ ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮಂಗಳೂರಿನವಳ ಹತ್ತಿರ ಬಂದು ಯಜಮಾನರು, "ಹಡಗಲ್ಲಿ ಹೋಗೋಣ ಕಣೇ" ಅಂದರೆ ಒಗ್ಗರಣೆ ಸೀಯದೆ ಇದ್ದೀತೇ?

ಮಗ ಮೊದಲು ಸೂಚಿಸಿದ್ದು ಸಿಂಗಪುರದ ಕ್ರೂಸ್. ಅದರ ಕಾಗದಪತ್ರದ ಲೆಕ್ಕವೇ ಬೇರೆ. ಹಡಗು ಬಂದರು ಬಿಟ್ಟರೆ ದೇಶ ಬಿಟ್ಟ ಹಾಗೆ. ಮಲೇಷ್ಯಾದ ನೆಲ ಮುಟ್ಟಿ ಅದೇ ಬಂದರಿಗೆ ಮರಳಿದರೂ ಹೊಸದಾಗಿ ಒಳಗೆ ಬಂದ ಹಾಗೆ. ಒಂದೇ ಸಲದ ವೀಸಾ ಇದ್ದವರು ಹಡಗಿನಲ್ಲೇ ಕೂರಬೇಕಾದೀತು. ಸಾಲದ್ದಕ್ಕೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಇರಬೇಕು. ಯಜಮಾನರದ್ದಕ್ಕೆ ನಾಲ್ಕೇ ತಿಂಗಳು ಉಳಿದಿತ್ತು. "ಬೇಡಪ್ಪ, ನಮ್ಮ ದೇಶದ್ದೇ ಲಕ್ಷದ್ವೀಪ ಇದೆಯಲ್ಲ. ಯಾವ ರಗಳೆಯೂ ಇಲ್ಲ" ಎಂದು ಅವರೇ ತೀರ್ಪು ಕೊಟ್ಟರು. ಕೊಚ್ಚಿಯಿಂದ ಎಂ.ವಿ. ಕವರತ್ತಿ ಎಂಬ ಹಡಗು. ಐದು ದಿನದ 'ಸಮುದ್ರಂ' ಪ್ರವಾಸ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ.

ರಗಳೆ ಇಲ್ಲವೆಂದು ಅವರಿಗೆ ಯಾರು ಹೇಳಿದರೋ! ಅಲ್ಲಿಗೆ ಕಾಲಿಡಲು ಭಾರತೀಯರಿಗೂ ಪರ್ಮಿಟ್ ಬೇಕು. 1967ರ ನಿಯಮ. ಅದರ ಹೆಸರೇ ಉದ್ದ: ಲಕ್ಕಡೀವ್, ಮಿನಿಕಾಯ್ ಮತ್ತು ಅಮೀನ್‌ದೀವಿ ದ್ವೀಪಗಳ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳು. ಕನ್ನಡಕ ಏರಿಸಿ ಓದುತ್ತಿದ್ದವಳು 'ಅಮೀನ್‌ದೀವಿ' ಬಂದ ಕೂಡಲೇ ನಿಂತುಬಿಟ್ಟೆ. ಅದು ಅಜ್ಜನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಹೆಸರು.

ಅಜ್ಜ ಮಂಗಳೂರು ಬಂದರಿನಲ್ಲಿ ಅಕ್ಕಿ ಮಂಡಿಯೊಂದರ ಗುಮಾಸ್ತ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ದ್ವೀಪದವರ ಹಾಯಿ ಓಡಗಳು ಬರುತ್ತಿದ್ದವಂತೆ. ಇಳಿಯುವುದು ತೆಂಗಿನ ನಾರಿನ ಹುರಿ, ಕೊಬ್ಬರಿ, ಬೆಲ್ಲ. ಏರುವುದು ಅಕ್ಕಿ ಮುಡಿ. ದ್ವೀಪದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ಮಂಗಳೂರಿನ ಅಕ್ಕಿ ಮುಟ್ಟದಿದ್ದರೆ ಅಲ್ಲಿ ಒಲೆ ಹೊತ್ತುವಂತಿರಲಿಲ್ಲ. ಹಾಗಾಗಿ ಅಜ್ಜನಿಗೆ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ಹೆಸರು ಉಳ್ಳಾಲ, ಸುರತ್ಕಲ್ಲಿನಷ್ಟೇ ಸಲೀಸು.

ಸಲೀಸಾಗಿರಲು ಕಾರಣವೂ ಇತ್ತು. ಹದಿನೆಂಟನೆಯ ಶತಮಾನದ ಕೊನೆಗೆ ಕಣ್ಣೂರಿನ ಅರಕ್ಕಲ್ ಬೀಬಿಯ ಆಳ್ವಿಕೆಗೆ ಬೇಸತ್ತ ಅಮೀನಿಯವರು ಟಿಪ್ಪು ಸುಲ್ತಾನನ ಮೊರೆಹೊಕ್ಕು ಅವನ ಕೈಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಐದು ದ್ವೀಪ ಇಂಗ್ಲಿಷರ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ಅಲ್ಲಿನ ಅಧಿಕಾರಿಯನ್ನು ಮೊನೇಗಾರ ಎನ್ನುತ್ತಿದ್ದರು. ಅವನ ಮೇಲಧಿಕಾರಿ ಮಂಗಳೂರಿನ ಕಲೆಕ್ಟರ್. 1956ರ ನವೆಂಬರ್ 1ರಂದು, ನಾವು ಕನ್ನಡಿಗರೆಲ್ಲ ಒಂದಾದೆವೆಂದು ಹೋಳಿಗೆ ತಿನ್ನುವ ಅದೇ ದಿನ, ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಅಂದರೆ ಅಜ್ಜನಿಗೆ ಸ್ವಂತ ಜಿಲ್ಲೆಯಾಗಿದ್ದ ನೆಲಕ್ಕೆ ಹೋಗಲು ಮೊಮ್ಮಗಳು ಪರ್ಮಿಟ್ ಹಿಡಿಯಬೇಕು!

ಸಿಟ್ಟೇನೂ ಬರಲಿಲ್ಲ. ಎಲ್ಲ ದ್ವೀಪ ಕೂಡಿಸಿದರೂ ನೆಲ 32 ಚದರ ಕಿಲೋಮೀಟರ್. ಕುಡಿಯುವ ನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಒಂದು ಪದರ. ಬೆಂಗಳೂರಿನವರು ಪರ್ಮಿಟ್ಟಿಲ್ಲದೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದವರು ಮೇಲೆ ಹೇಳಿದ ವೃಷಭಾವತಿಯನ್ನು ಹೋಗಿ ನೋಡಬಹುದು.

ಸಿಟ್ಟು ಬಂದದ್ದು ಪರ್ಮಿಟ್ಟಿನ ಅರ್ಜಿಗೆ ದಾಖಲೆ ಜೋಡಿಸುವಾಗ, ನನ್ನ ಹೆಸರಿನ ಮೇಲೆ. ಶಾಲೆಯ ಟಿ.ಸಿ.ಯಲ್ಲಿ ನಾನು ಬಿ. ವಸಂತಿ, ಬಿ ಎಂದರೆ ಬೋಳಾರ. ಮದುವೆಯಾಗಿ ಘಟ್ಟ ಹತ್ತಿದೆ. ಇಲ್ಲಿ ರೇಷನ್ ಕಾರ್ಡ್ ಬರೆದ ಪುಣ್ಯಾತ್ಮನಿಗೆ 'ಅಮ್ಮ' ಸೇರಿಸದೆ ಹೆಂಗಸರ ಹೆಸರು ಮುಗಿಯುತ್ತದೆಂಬ ನಂಬಿಕೆಯಿರಲಿಲ್ಲ. ವಸಂತಮ್ಮ ಆದೆ. ವೋಟರ್ ಕಾರ್ಡೂ ಅದನ್ನೇ ಒಪ್ಪಿಕೊಂಡಿತು. ಆಧಾರ್ ಬರುವ ಹೊತ್ತಿಗೆ ಗಂಡನ ಹೆಸರು ಬಂದು ಅಂಟಿಕೊಂಡಿತ್ತು. ಮೂವರನ್ನೂ ಒಬ್ಬಳನ್ನಾಗಿ ಮಾಡಲು ನೋಟರಿಯ ಮುಂದೆ ಅಫಿಡವಿಟ್ಟು. "ಮೇಲ್ಕಂಡ ಹೆಸರುಗಳೆಲ್ಲವೂ ನನ್ನವೇ" ಎಂದು ಸತ್ಯಪ್ರಮಾಣ ಮಾಡಿ ಸಹಿ ಹಾಕುವಾಗ, ಯಾವ ಸಹಿ ಹಾಕಲಿ ಎಂದು ಕೇಳಿಬಿಟ್ಟೆ. ನೋಟರಿ ನಗಲಿಲ್ಲ. ಅವರಿಗೆ ಇದು ದಿನಾ ಇದ್ದದ್ದೇ.

ಆಮೇಲೆ ಪೊಲೀಸ್ ಕ್ಲಿಯರೆನ್ಸು. ಮನೆಗೆ ಬಂದ ಪೇದೆಗೆ ಕಾಫಿ ಕೊಟ್ಟೆ. ಫೈಲು ತಿರುವಿ, "ಲಕ್ಷದ್ವೀಪ ನಮ್ಮ ದೇಶಾನೇ ಅಲ್ವಾ ಮೇಡಂ?" ಅಂದರು. ನಮ್ಮ ಜಿಲ್ಲೆಯೇ ಆಗಿತ್ತು ಎನ್ನಲು ಬಾಯಿ ತೆರೆದೆ. ಯಜಮಾನರು ಕಣ್ಣು ಬಿಟ್ಟರು. ಕ್ಲಿಯರೆನ್ಸ್ ಸಿಗುವವರೆಗೆ ಇತಿಹಾಸ ಬೇಡ ಎಂದು ಅದರ ಅರ್ಥ.

ಅಂತೂ ಪರ್ಮಿಟ್ ಬಂತು. ದ್ವೀಪಗಳ ಪಟ್ಟಿ ನೋಡುತ್ತೇನೆ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಅಜ್ಜನ ಐದರಲ್ಲಿ ಒಂದೂ ಇಲ್ಲ! "ಎಲ್ಲಾ ಒಂದೇ ಸಮುದ್ರ ಕಣೇ, ಹೊರಡು" ಎಂದರು ಯಜಮಾನರು.

ಕೊಚ್ಚಿಯಲ್ಲಿ ಹಡಗು ಹತ್ತುವ ಮುನ್ನ ಕಿಟಕಿಯಲ್ಲಿದ್ದ ಹುಡುಗ ನನ್ನ ಆಧಾರ್ ಒಂದನ್ನೇ ನೋಡಿ ಒಳಗೆ ಬಿಟ್ಟ. ಅಫಿಡವಿಟ್ಟನ್ನು ಯಾರೂ ಕೇಳಲಿಲ್ಲ. ಕೇಳಲಿ ಎಂದು ನಾನೇ ಎರಡು ಸಲ ಮುಂದೆ ಚಾಚಿದ್ದೆ.

ಕಲ್ಪೇನಿಯಲ್ಲಿ ಎಳನೀರು ಕೊಡುತ್ತಿದ್ದ ಹಿರಿಯರೊಬ್ಬರು ಎಲ್ಲಿಯವರೆಂದು ಕೇಳಿದರು. ಯಜಮಾನರು ಬೆಂಗಳೂರು ಅಂದರು. ನಾನು ಮಂಗಳೂರು ಅಂದೆ. ಅವರ ಮುಖ ನನ್ನ ಕಡೆ ತಿರುಗಿತು. ಹುಟ್ಟೂರು ಅಮೀನಿಯಂತೆ, ಮಗಳ ಮನೆಗೆ ಬಂದು ಇಲ್ಲೇ ಉಳಿದವರು. ಬರುವ ಅಷ್ಟಿಷ್ಟು ಮಲೆಯಾಳದಲ್ಲಿ ಅಜ್ಜನ ಹೆಸರು, ಮಂಡಿಯ ಗುರುತು ಎಲ್ಲ ಹೇಳಿದೆ. ತಲೆ ಕೆರೆದುಕೊಂಡು, ಗೊತ್ತಿಲ್ಲ ಎಂದರು. ಈಗಲೂ ಸಿಮೆಂಟು, ತರಕಾರಿ ಮಂಗಳೂರಿಂದಲೇ ಮಂಜಿ ಎಂಬ ಸರಕಿನ ದೋಣಿಯಲ್ಲಿ ಬರುತ್ತದಂತೆ. ಎಳನೀರಿನ ಬುರುಡೆ ಕೆತ್ತುತ್ತಲೇ, ಬಂದರಿನಲ್ಲಿ ಈಗ ಈರುಳ್ಳಿ ಏನು ರೇಟು ಎಂದು ವಿಚಾರಿಸಿದರು.

ನಾನು ಯಜಮಾನರ ಮುಖ ನೋಡಿದೆ. ಅವರು ಯಶವಂತಪುರದ ರೇಟು ಹೇಳಿದರು.