ಎಲ್ಲಿಂದಲಾದರೂ

ಮಾಲ್ಟಾ ಸರಕಾರ 2021ರಲ್ಲಿ ಆರಂಭಿಸಿದ ‘ನೊಮ್ಯಾಡ್’ ಪರವಾನಗಿ ಹಿಡಿದು ಆ ವರ್ಷದ ಕೊನೆಗೆ ನಾವಿಬ್ಬರೂ ಹಿರಿಯೂರಿನಿಂದ ಹೊರಟೆವು. ಅದರಲ್ಲಿ ಗಂಡ, ಹೆಂಡತಿ, ಮಕ್ಕಳಿಗೆ ಜಾಗವಿದೆ, ತಾಯಿಗಿಲ್ಲ. ಅಮ್ಮಿ ಕೇಳಿದ್ದು ಒಂದೇ: “ಈ ಕೆಲಸ ಎಲ್ಲಿಂದಲಾದರೂ ಆಗುತ್ತೆ ಅಂತೀರಲ್ಲ, ಹಿರಿಯೂರಿಂದ ಯಾಕಾಗಲ್ಲ?” 2020ರ ಲಾಕ್‌ಡೌನಿನಲ್ಲಿ ಅದೇ ಮನೆಯ ಮಹಡಿಯಲ್ಲಿ ಕುಳಿತು ಅದೇ ಕಂಪೆನಿಗೆ ದುಡಿದವರು ನಾವು. ಕಡಲ ಆಸೆ ಎನ್ನಲು ನಾಚಿಕೆಯಾಯಿತು.

ಮಾಲ್ಟಾದಲ್ಲಿ ನದಿಯಿಲ್ಲ. ಕುಡಿಯುವ ನೀರಿನ ಬಹುಪಾಲು ಸಮುದ್ರದ ಉಪ್ಪು ತೆಗೆದು ಬರುವಂಥದ್ದು. ಬಿಸಿಲು, ಕಲ್ಲು, ಬೇಲಿಯ ಪಾಪಾಸುಕಳ್ಳಿ ಎಲ್ಲ ನಮ್ಮ ಬಯಲುಸೀಮೆಯದೇ. ಬೆರಗಾದದ್ದು ಭಾಷೆಗೆ. ಅರಬಿಯಿಂದ ಹುಟ್ಟಿ ರೋಮನ್ ಲಿಪಿಯಲ್ಲಿ ಬರೆಯುವ ಮಾತು. ಅಲ್ಲಿನ ಕ್ಯಾಥೊಲಿಕರು ದೇವರಿಗೆ ‘ಅಲ್ಲಾ’ ಎನ್ನುತ್ತಾರೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ ‘ರಂದಾನ್’. ಫೋನಿನಲ್ಲಿ ಹೇಳಿದಾಗ ಅಮ್ಮಿ ನಂಬಲೇ ಇಲ್ಲ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಬಾರಿ. ಪಕ್ಕದ ಮನೆಯವರೊಂದಿಗೆ ನೋಡಲು ಹೋದ ಅಮ್ಮಿ ನಮಗೂ ತೋರಿಸಲೆಂದು ವಿಡಿಯೋ ಕರೆ ಮಾಡಿದರು. ನಾವು ಮೀಟಿಂಗಿನಲ್ಲಿದ್ದೆವು, ಎತ್ತಲಿಲ್ಲ.

ವರ್ಷ ತುಂಬಿದಾಗ ಪರವಾನಗಿ ನವೀಕರಿಸುವ ವಿಚಾರಕ್ಕೆ ನಮ್ಮಿಬ್ಬರಲ್ಲೇ ಜಗಳವಾಯಿತು. ಈಗ ಅದೇ ಮಹಡಿ. ಕರೆಂಟು ಹೋದರೆ ಅಮ್ಮಿ ಕೆಳಗಿನಿಂದಲೇ ಕೂಗುತ್ತಾರೆ, “ಮೀಟಿಂಗ್ ನಿಂತೋಯ್ತಾ?”