ಯಾಸ್ ದ್ವೀಪದ ರಸ್ತೆಯಲ್ಲಿ ಒಂದು ಸಂಜೆ

ಅಬುಧಾಬಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಶೇಖ್ ಝಾಯೆದ್ ಮಸೀದಿಯ ಬಿಳಿ ಗುಮ್ಮಟಗಳು, ಕಾರ್ನಿಶ್‌ನ ಕಡಲ ದಂಡೆ, ದೊಡ್ಡ ದೊಡ್ಡ ಮಾಲ್‌ಗಳು... ಹೆಚ್ಚಿನವರ ಪಟ್ಟಿ ಇಷ್ಟಕ್ಕೆ ಮುಗಿಯುತ್ತದೆ. ಕಳೆದ ಜನವರಿಯಲ್ಲಿ ಆಪಾಳ ಮನೆಗೆ ಹೋಗಿದ್ದಾಗ ನಾನೂ ಇವನ್ನೆಲ್ಲ ನೋಡಿದೆ. ಆದರೆ ನಿಮಗೆ ಹೇಳಬೇಕೆಂದಿರುವುದು ಬೇರೊಂದು ಜಾಗದ ಕಥೆ. ಅದು ಒಂದು ರಸ್ತೆ. ಎಲ್ಲಿಂದ ಹೊರಡುತ್ತದೋ ಅಲ್ಲಿಗೇ ಬಂದು ಸೇರುವ ರಸ್ತೆ!

ಆ ರಸ್ತೆಯ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು 2021ರ ಡಿಸೆಂಬರ್ 12ರ ಭಾನುವಾರ. ಶಿವಮೊಗ್ಗದಲ್ಲಿ ಕೆಲಸ ಮುಗಿಸಿಕೊಂಡು ವಾಡಿಕೆಯಂತೆ ಆಪಾಳಿಗೆ ಫೋನ್ ಮಾಡಿದೆ. ಅತ್ತ ಕಡೆ ಮಕ್ಕಳ ಕಿರುಚಾಟ, ಬಾಗಿಲು ಧಡಾರನೆ ಬಡಿದ ಸದ್ದು. "ಆಮೇಲೆ ಮಾತಾಡ್ತೀನಿ ಕಣೇ, ಕಾರ್ ರೇಸ್ ಮುಗೀತು, ಮನೇಲಿ ಜಗಳ ಶುರುವಾಯ್ತು" ಎಂದವಳೇ ಫೋನಿಟ್ಟಳು. ಕಾರ್ ರೇಸಿಗೂ ಆಪಾಳ ಮನೆಗೂ ಏನು ಸಂಬಂಧವೆಂದು ಆಗ ನನಗೆ ತಿಳಿಯಲಿಲ್ಲ. ತಿಳಿದದ್ದು ಈ ಬಾರಿ, ಆ ರಸ್ತೆಯ ಮೇಲೆ ನಾನೇ ನಡೆದಾಗ.

ಹಗಲಲ್ಲಿ ಶುರು, ದೀಪದಲ್ಲಿ ಮುಕ್ತಾಯ

ನಗರದಿಂದ ಸುಮಾರು ಅರ್ಧ ಗಂಟೆ ಕಾರಿನಲ್ಲಿ ಹೋದರೆ ಯಾಸ್ ದ್ವೀಪ ಸಿಗುತ್ತದೆ. ದೂರದಿಂದಲೇ ಫೆರಾರಿ ವರ್ಲ್ಡ್‌ನ ಕೆಂಪು ಛಾವಣಿ ಕಾಣುತ್ತದೆ. ಅದರ ಪಕ್ಕದಲ್ಲೇ ಯಾಸ್ ಮರೀನಾ ಸರ್ಕ್ಯೂಟ್. ಜರ್ಮನಿಯ ಹರ್ಮನ್ ಟಿಲ್ಕೆ ಇದರ ವಿನ್ಯಾಸಕಾರ. ಇಲ್ಲಿ ಮೊದಲ ಫಾರ್ಮುಲಾ ಒನ್ ರೇಸ್ ನಡೆದದ್ದು 2009ರ ನವೆಂಬರ್ 1ರಂದು. ಸಂಜೆ ಬಿಸಿಲಿರುವಾಗ ಆರಂಭವಾಗುವ ರೇಸ್ ವಿದ್ಯುದ್ದೀಪಗಳ ಬೆಳಕಿನಲ್ಲಿ ಮುಗಿಯುತ್ತದೆ. ಟ್ರ್ಯಾಕಿನ ಒಂದು ಬದಿಯಲ್ಲಿ ದೋಣಿಗಳು ತಂಗುವ ಬಂದರು. ಇನ್ನೂ ವಿಚಿತ್ರವೆಂದರೆ, ರಸ್ತೆಯ ಎರಡೂ ಕಡೆ ಕಟ್ಟಡಗಳಿದ್ದು, ಸೇತುವೆಯಂತೆ ರಸ್ತೆಯನ್ನು ದಾಟಿ ನಿಂತಿರುವ ಹೋಟೆಲು. ಅದರ ಕೆಳಗೇ ಕಾರುಗಳು ಹಾಯುತ್ತವೆ.

ರೇಸ್ ಇಲ್ಲದ ದಿನಗಳಲ್ಲಿ ಕೆಲವು ಸಂಜೆ ಈ ಟ್ರ್ಯಾಕನ್ನು ಜನರಿಗೆ ನಡೆಯಲು, ಓಡಲು, ಸೈಕಲ್ ತುಳಿಯಲು ಬಿಡುತ್ತಾರೆ. ನಾವು ಹೋದದ್ದು ಮಹಿಳೆಯರಿಗೆಂದೇ ಮೀಸಲಾದ ಸಂಜೆ. ಬುರ್ಖಾ ಧರಿಸಿದವರು, ಓಟದ ಉಡುಪಿನವರು, ಮಗುವಿನ ಗಾಡಿ ತಳ್ಳುವ ತಾಯಂದಿರು, ಕೋಲೂರಿ ನಡೆಯುವ ಅಜ್ಜಿಯರು, ಎಲ್ಲರೂ ಇದ್ದರು. ಮಂಡಿನೋವಿನ ಆಪಾಳೂ ಹೊರಟು ನಿಂತಿದ್ದಳು. ಆಪಾಳ ಮಗಳು ನಮಗೆ ಗೈಡು.

"ಖಾಲಾ, ಒಂದು ಸುತ್ತಿಗೆ 5.281 ಕಿಲೋಮೀಟರ್, 16 ತಿರುವು. ವೆರ್ಸ್ಟಾಪನ್ ಅರ್ಹತಾ ಸುತ್ತಲ್ಲಿ ಇದನ್ನ 1 ನಿಮಿಷ 22 ಸೆಕೆಂಡಲ್ಲಿ ಮುಗಿಸಿದ್ದ" ಎಂದಳು.

ನಮಗೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳ ಬಾಯಿ ನಿಲ್ಲಲಿಲ್ಲ.

ಸಮ ಸಮ ಅಂಕ

ಐದನೆಯ ತಿರುವಿನಲ್ಲಿ ಅವಳು ನಮ್ಮನ್ನು ತಡೆದು ನಿಲ್ಲಿಸಿದಳು. "ಇಲ್ಲೇ ಖಾಲಾ, ಕೊನೇ ಸುತ್ತಲ್ಲಿ ವೆರ್ಸ್ಟಾಪನ್ ಹ್ಯಾಮಿಲ್ಟನ್‌ನನ್ನ ದಾಟಿದ್ದು." ನಾನು ನೋಡಿದೆ. ಒಂದು ಬಿಗಿಯಾದ ಎಡ ತಿರುವು, ನುಣುಪಾದ ಡಾಂಬರು, ಅಂಚಿಗೆ ಬಣ್ಣದ ಪಟ್ಟಿ. ಇಷ್ಟಕ್ಕೆ ಲೋಕವೆಲ್ಲ ಜಗಳವಾಡಿತೇ ಎನಿಸಿತು.

ನಿಮಗೂ ಹಾಗೆಯೇ ಅನಿಸಬಹುದು. ಆದ್ದರಿಂದ ಅವಳು ನನಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆ ವರ್ಷ 22 ರೇಸುಗಳು. ಇಂಗ್ಲೆಂಡಿನ ಲೂಯಿಸ್ ಹ್ಯಾಮಿಲ್ಟನ್ ಏಳು ಸಲ ಚಾಂಪಿಯನ್. ಎಂಟನೆಯದು ಬಂದರೆ ಯಾರೂ ಮಾಡದ ದಾಖಲೆ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ವೆರ್ಸ್ಟಾಪನ್‌ಗೆ ಅದು ಮೊದಲ ಪ್ರಶಸ್ತಿಯಾಗಬೇಕಿತ್ತು. ವರ್ಷವಿಡೀ ಇಬ್ಬರದೂ ಜಿದ್ದು. ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಇಬ್ಬರ ಕಾರುಗಳು ತಾಗಿ ವೆರ್ಸ್ಟಾಪನ್ ಗೋಡೆಗೆ ಅಪ್ಪಳಿಸಿ ಆಸ್ಪತ್ರೆಗೆ ಹೋದ. ಹ್ಯಾಮಿಲ್ಟನ್ 10 ಸೆಕೆಂಡು ದಂಡ ತೆತ್ತೂ ಗೆದ್ದ. ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಝಾದಲ್ಲಿ ವೆರ್ಸ್ಟಾಪನ್‌ನ ಕಾರು ಹ್ಯಾಮಿಲ್ಟನ್‌ನ ಕಾರಿನ ಮೇಲೇರಿತು. ಚಾಲಕನ ತಲೆಯ ಸುತ್ತ ಇರುವ 'ಹೇಲೊ' ಎಂಬ ಚೌಕಟ್ಟು ಇಲ್ಲದಿದ್ದರೆ ಹ್ಯಾಮಿಲ್ಟನ್‌ನ ಗತಿ ಏನಾಗುತ್ತಿತ್ತೋ! ಬೆಲ್ಜಿಯಂನಲ್ಲಿ ಮಳೆ ಬಿಡದೆ ಸುರಿದು, ಸೇಫ್ಟಿ ಕಾರಿನ ಹಿಂದೆ ಕೆಲವು ಸುತ್ತು ಮಾತ್ರ ನಡೆದು, ಅರ್ಧ ಅಂಕ ಕೊಟ್ಟರು. ಕೊನೆಯ ಮೂರು ರೇಸುಗಳು ಕತಾರ್, ಸೌದಿ ಅರೇಬಿಯಾ, ಅಬುಧಾಬಿಯಲ್ಲಿ. ಕತಾರಿಗೂ ಸೌದಿಗೂ ಅದು ಮೊದಲನೆಯದು. ಜಿದ್ದಾ ರೇಸ್ ಮುಗಿದಾಗ ಇಬ್ಬರದೂ 369.5 ಅಂಕ. ಸಮ ಸಮ! ಯಾಸ್‌ನಲ್ಲಿ ಮುಂದೆ ಬಂದವನೇ ಚಾಂಪಿಯನ್.

ಆಪಾಳ ಮನೆಯಲ್ಲಿ ಮಗ ಹ್ಯಾಮಿಲ್ಟನ್ ಕಡೆ, ಮಗಳು ವೆರ್ಸ್ಟಾಪನ್ ಕಡೆ. ಇಬ್ಬರ ನಡುವೆ ದುಲ್ಹಾಭಾಯಿ. ಆಗ ಅಲ್ಲಿ ಭಾನುವಾರ ಕೆಲಸದ ದಿನ. ಅವರು ಆಫೀಸಿನಿಂದ ಬರುವಷ್ಟರಲ್ಲಿ ಅರ್ಧ ರೇಸ್ ಮುಗಿದು ಹ್ಯಾಮಿಲ್ಟನ್ ಮುಂದಿದ್ದ. ಮಗ ಸಿಹಿ ತರಲು ದುಡ್ಡು ಕೇಳಿದ್ದನಂತೆ.

ಹದಿನಾಲ್ಕನೆಯ ತಿರುವು

ಹೋಟೆಲಿನ ಹತ್ತಿರ ಬಂದಾಗ ಮಗ್ರಿಬ್ ಕಳೆದು ಕತ್ತಲಾಗಿತ್ತು. ಹದಿನಾಲ್ಕನೆಯ ತಿರುವಿನಲ್ಲಿ ಆಪಾಳೇ ನಿಂತಳು. ಮಂಡಿನೋವಿಗೆಂದುಕೊಂಡೆ. "ಇದೇ ಅಲ್ವೇನೇ ಆ ಹುಡುಗ ಗುದ್ದಿದ ಜಾಗ?" ಎಂದು ಮಗಳನ್ನು ಕೇಳಿದಳು.

ಆ ಹುಡುಗ ನಿಕೊಲಸ್ ಲತೀಫಿ. ಇರಾನ್ ಮೂಲದ ತಂದೆಯ ಮಗ, ಕೆನಡಾದ ಚಾಲಕ. ಪ್ರಶಸ್ತಿಯ ಲೆಕ್ಕದಲ್ಲೇ ಇಲ್ಲದವನು. 58 ಸುತ್ತುಗಳ ರೇಸಿನಲ್ಲಿ 53ನೆಯ ಸುತ್ತು, ಹ್ಯಾಮಿಲ್ಟನ್ ಹತ್ತು ಸೆಕೆಂಡಿಗೂ ಹೆಚ್ಚು ಮುಂದೆ. ಆಗ ಲತೀಫಿಯ ಕಾರು ಇಲ್ಲಿನ ತಡೆಗೋಡೆಗೆ ಬಡಿಯಿತು. ಹೀಗಾದಾಗ ಸೇಫ್ಟಿ ಕಾರು ಬಂದು ಎಲ್ಲರನ್ನೂ ನಿಧಾನವಾಗಿ ತನ್ನ ಹಿಂದೆ ಸಾಲಾಗಿ ಕರೆದೊಯ್ಯುತ್ತದೆ. ಅದುವರೆಗೆ ಬೆವರು ಸುರಿಸಿ ಗಳಿಸಿದ ಅಂತರ ಅಲ್ಲಿಗೆ ಕರಗಿತು. ವೆರ್ಸ್ಟಾಪನ್ ಹೊಸ ಟಯರು ಹಾಕಿಸಿಕೊಂಡ. ಹ್ಯಾಮಿಲ್ಟನ್ ನಿಂತರೆ ಮೊದಲ ಸ್ಥಾನ ಹೋಗುತ್ತಿತ್ತು, ಹಾಗಾಗಿ ನಲವತ್ತಕ್ಕೂ ಹೆಚ್ಚು ಸುತ್ತು ಸವೆದ ಟಯರಿನಲ್ಲೇ ಉಳಿದ.

ಇಬ್ಬರ ನಡುವೆ ಒಂದು ಸುತ್ತು ಹಿಂದುಳಿದಿದ್ದ ಐದು ಕಾರುಗಳಿದ್ದವು. ಅವು ಮುಂದೆ ಹೋಗುವಂತಿಲ್ಲ ಎಂದು ರೇಸ್ ನಿಯಂತ್ರಕರು ಮೊದಲು ಹೇಳಿದರು. ಸ್ವಲ್ಪದರಲ್ಲೇ ಮಾತು ಬದಲಾಯಿತು. ಆ ಐದಕ್ಕೆ ಮಾತ್ರ ಅನುಮತಿ. ಹಿಂದುಳಿದ ಇನ್ನೂ ಮೂರು ಕಾರುಗಳಿಗೆ ಇಲ್ಲ. ಸೇಫ್ಟಿ ಕಾರು ಇನ್ನೊಂದು ಸುತ್ತು ಕಾಯದೆ ಅದೇ ಸುತ್ತಿನಲ್ಲಿ ಒಳಗೆ ಹೋಯಿತು. ಉಳಿದದ್ದು ಒಂದೇ ಸುತ್ತು. ಐದನೆಯ ತಿರುವಿನಲ್ಲಿ ವೆರ್ಸ್ಟಾಪನ್ ದಾಟಿದ, ಗೆದ್ದ.

ಹ್ಯಾಮಿಲ್ಟನ್‌ನ ತಂಡ ಸಲ್ಲಿಸಿದ ಎರಡು ದೂರುಗಳೂ ಆ ರಾತ್ರಿಯೇ ತಿರಸ್ಕೃತವಾದವು. ಮೇಲ್ಮನವಿಯ ಯೋಚನೆಯನ್ನು ಡಿಸೆಂಬರ್ 16ರಂದು ಅವರು ಕೈಬಿಟ್ಟರು. ಮರುವರ್ಷ ಫೆಬ್ರವರಿಯಲ್ಲಿ ರೇಸ್ ಡೈರೆಕ್ಟರ್ ಮೈಕೆಲ್ ಮಾಸಿಯನ್ನು ಆ ಹುದ್ದೆಯಿಂದ ತೆಗೆದರು. 2022ರ ಮಾರ್ಚ್‌ನಲ್ಲಿ ಬಂದ ತನಿಖಾ ವರದಿ, ಕಾರುಗಳನ್ನು ಬಿಟ್ಟ ವಿಷಯದಲ್ಲಿ ಮನುಷ್ಯ ಸಹಜ ತಪ್ಪಾಗಿದೆ, ಆದರೂ ಫಲಿತಾಂಶ ಊರ್ಜಿತ ಎಂದಿತು.

"ಮೋಸ ಅಂತಾನೆ ಅಣ್ಣ. ಆದ್ರೆ ಖಾಲಾ, ವರ್ಷದಲ್ಲಿ 10 ರೇಸ್ ಗೆದ್ದವನು ವೆರ್ಸ್ಟಾಪನ್, ಹ್ಯಾಮಿಲ್ಟನ್ 8. ಬಾಕುವಿನಲ್ಲಿ ಮುಂದಿದ್ದಾಗ ಟಯರು ಸಿಡೀತು. ಹಂಗೇರಿಯಲ್ಲಿ ಬೇರೆಯವರ ತಪ್ಪಿಗೆ ಕಾರು ಮುರೀತು. ಅದೆಲ್ಲ ಲೆಕ್ಕಕ್ಕಿಲ್ವಾ?" ಎಂದು ಅವಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ವರ್ಷದ ದುಡಿಮೆ ನೋಡಿದರೆ ಅವಳ ಮಾತು ಸರಿ. ಆ ಒಂದು ರಾತ್ರಿಯ ನಿಯಮ ನೋಡಿದರೆ ಅವಳಣ್ಣನದು ಸರಿ.

ಓದಿ ಹೇಳು ಎಂದರು

ಆದರೆ ಆಪಾ ಅಲ್ಲಿ ನಿಂತದ್ದಕ್ಕೆ ಕಾರಣ ಬೇರೆಯಿತ್ತು. ರೇಸ್ ಮುಗಿದ ರಾತ್ರಿ ಮಗ ಊಟ ಮಾಡದೆ ಕೋಣೆ ಸೇರಿದ. ಆಗ ಅವನಿಗೆ ಹದಿನಾರು. ಮರುದಿನ ತಂಗಿ ಅವನ ಮೊಬೈಲ್ ನೋಡಿದಾಗ ಗೊತ್ತಾಯಿತು. ಅವನು ಲತೀಫಿಗೆ ಒಂದು ಸಂದೇಶ ಕಳಿಸಿದ್ದ. ಮನೆಯಲ್ಲಿ ಯಾರೂ ಆಡದ ಮಾತುಗಳು. ನೀನು ಸಾಯಬೇಕಿತ್ತು ಎಂಬ ಸಾಲೂ ಇತ್ತು.

ದುಲ್ಹಾಭಾಯಿ ಕೈ ಎತ್ತಲಿಲ್ಲ, ಬೈಯಲಿಲ್ಲ. ಮಗನನ್ನು ಕೂರಿಸಿ ಮೊಬೈಲ್ ಕೈಗೆ ಕೊಟ್ಟು, "ಇದನ್ನು ನಿನ್ನ ಅಮ್ಮಿಯ ಮುಂದೆ ಗಟ್ಟಿಯಾಗಿ ಓದಿ ಹೇಳು" ಎಂದರಂತೆ. ಅವನು ಮೊದಲ ಪದವನ್ನೂ ಓದಲಾರದೆ ತಲೆ ತಗ್ಗಿಸಿದ. "ನನ್ನೆದುರು ಓದಕ್ಕಾಗದ್ದನ್ನ ಇನ್ನೊಬ್ಬ ತಾಯಿಯ ಮಗನಿಗೆ ಹೇಗೆ ಕಳಿಸಿದ ಅಂತ ನಾನು ಅತ್ತೆ" ಎಂದಳು ಆಪಾ. ಒಂದು ವಾರ ತಂದೆ, ಮಗ ಸರಿಯಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ಡಿಸೆಂಬರ್ 21ರಂದು ಲತೀಫಿಯ ಹೇಳಿಕೆ ಬಂತು. ದ್ವೇಷದ ಮಾತುಗಳು ಬಂದಿವೆ, ಕೊಲೆ ಬೆದರಿಕೆಗಳೂ ಬಂದಿವೆ ಎಂದು ಅವನು ಬಹಿರಂಗವಾಗಿ ಬರೆದುಕೊಂಡಿದ್ದ. ಅದನ್ನು ಓದಿ ಮಗ ತಾನಾಗಿಯೇ ತಂದೆಯ ಬಳಿ ಬಂದು ಕುಳಿತ. ಸಂದೇಶವನ್ನು ಅಳಿಸಿದ್ದ. ಅದು ತಲುಪಿತ್ತೋ ಇಲ್ಲವೋ, ಇಂದಿಗೂ ಅವನಿಗೆ ತಿಳಿಯದು.

ಇತ್ತ ಸೋತ ಮನೆಯವರು ಏನು ಮಾಡಿದ್ದರು ಗೊತ್ತೇ? ಹ್ಯಾಮಿಲ್ಟನ್ ಕಾರಿನಿಂದಿಳಿದು ವೆರ್ಸ್ಟಾಪನ್‌ನನ್ನು ಅಭಿನಂದಿಸಿದ. ಅವನ ತಂದೆ ಆಂಥೋನಿ ಹ್ಯಾಮಿಲ್ಟನ್ ಹೋಗಿ ಗೆದ್ದವನಿಗೂ ಅವನ ತಂದೆಗೂ ಶುಭಾಶಯ ಹೇಳಿದರು. ಸೋತವನಿಗಿಲ್ಲದ ಸಿಟ್ಟು ಅವನ ಅಭಿಮಾನಿಗಳಿಗೇಕೆ? ಕಾರ್ ರೇಸಿಗೆ ಮಾತ್ರ ಈ ಪ್ರಶ್ನೆ ಎಂದುಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಕ್ರಿಕೆಟ್ ಸೋತ ರಾತ್ರಿ ಕ್ಯಾಚ್ ಬಿಟ್ಟವನಿಗೆ ಬೀಳುವ ಬೈಗುಳ ನಾವು ಕೇಳಿಲ್ಲವೇ? ಮಕ್ಕಳ ಕೈಯಲ್ಲಿರುವ ಮೊಬೈಲಿನಿಂದ ಯಾರಿಗೆ ಏನು ಹೋಗುತ್ತಿದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮನೆಗೆ ಬಂದಾಗ ಹುಡುಗ ನಮಗಾಗಿ ಸುಲೈಮಾನಿ ಮಾಡಿಟ್ಟಿದ್ದ. ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ವೆರ್ಸ್ಟಾಪನ್ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದದ್ದೂ, ಹ್ಯಾಮಿಲ್ಟನ್ 2025ರಲ್ಲಿ ಫೆರಾರಿ ತಂಡ ಸೇರಿದ್ದೂ ಅವನಿಂದಲೇ ತಿಳಿಯಿತು. ಗೋಡೆಯ ಮೇಲಿನ ಹ್ಯಾಮಿಲ್ಟನ್‌ನ ಚಿತ್ರ ಹಾಗೇ ಇದೆ.

"ಈಗಲೂ ಅದು ಅನ್ಯಾಯ ಅಂತೀಯಾ?" ಎಂದು ಕೇಳಿದೆ.

"ಹೌದು ಖಾಲಾ, ತೀರ್ಪು ತಪ್ಪೇ" ಎಂದ. ಲೋಟಕ್ಕೆ ನಿಂಬೆ ಹಿಂಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಲತೀಫಿ ಏನೂ ತಪ್ಪು ಮಾಡಿರ್ಲಿಲ್ಲ. ತಪ್ಪು ಮಾಡಿದ್ದು ನಾನು" ಎಂದ.

ಆಪಾ ಏನೂ ಹೇಳಲಿಲ್ಲ. ಅವನ ಕೈಯಿಂದ ಲೋಟ ತೆಗೆದುಕೊಂಡು ಮಂಡಿ ನೀವುತ್ತಾ ಕುಳಿತಳು. ನೀವು ಅಬುಧಾಬಿಗೆ ಹೋದರೆ ಆ ರಸ್ತೆಯಲ್ಲಿ ಒಂದು ಸುತ್ತು ನಡೆದು ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಐದನೆಯ ತಿರುವನ್ನು ಅವರೇ ನಿಮಗೆ ತೋರಿಸುತ್ತಾರೆ. ಹದಿನಾಲ್ಕನೆಯದನ್ನು ನೀವು ಅವರಿಗೆ ತೋರಿಸಿ.