ಸೂಟಿಯ ಮೊದಲ ಸಂಜೆ

ಏಪ್ರಿಲ್ 10. ಧಾರವಾಡದಲ್ಲಿ ಸಂಜೆ ಐದು ಹೊಡೆದರೂ ಬಿಸಿಲು ಬೆನ್ನು ಬಿಟ್ಟಿಲ್ಲ. ಲೈನ್ ಬಜಾರಿನ ಪೇಡೆ ಅಂಗಡಿಯ ಮುಂದೆ ಸಾಲು ನಿಂತಿದೆ. ನಿಮ್ಮ ಮುಂದೆ ಒಬ್ಬ ಅಜ್ಜ, ಅವರ ಬೆರಳು ಹಿಡಿದ ಮೊಮ್ಮಗಳು. ಅವಳ ಇನ್ನೊಂದು ಕೈಯಲ್ಲಿ ಮುಂಜಾನೆ ಸಿಕ್ಕ ಮಾರ್ಕ್ಸ್ ಕಾರ್ಡು. ಮಡಚಿ ಮಡಚಿ ಈಗಾಗಲೇ ನಾಲ್ಕು ಗೆರೆ ಬಿದ್ದಿವೆ.

"ಎಷ್ಟನೇತ್ತಾ ಪಾಸಾದಿ ತಂಗಿ?" ಸಾಲಿನಲ್ಲಿದ್ದ ಹೆಂಗಸೊಬ್ಬರು ಕೇಳುತ್ತಾರೆ.

"ನಾಕನೇತ್ತಾರೀ. ಇನ್ನ ಐದಕ್ಕ ಹೋಗ್ತೀನಿ."

"ಶಾಣ್ಯಾಕಿ!"

ಸಣ್ಣ ತರಗತಿಗಳಲ್ಲಿ ಈಗ ನಪಾಸಾಗುವವರೇ ಇಲ್ಲ ಎಂಬುದು ಕೇಳಿದವರಿಗೂ ಗೊತ್ತು, ಅಜ್ಜನಿಗೂ ಗೊತ್ತು. ಆದರೂ ಪ್ರಶ್ನೆ ತಪ್ಪುವುದಿಲ್ಲ, ಪೇಡೆ ತಪ್ಪುವುದಿಲ್ಲ. ಹಾಲನ್ನು ಇಂಗಿಸಿ, ಖವಾ ಕಂದಾಗುವ ತನಕ ಹುರಿದು, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಪೇಡೆ. ಪೆಟ್ಟಿಗೆ ಕೈಗೆ ಬಂದದ್ದೇ ತಡ, ಹುಡುಗಿ ಮುಚ್ಚಳ ಸರಿಸಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. "ದೇವರ ಮುಂದ ಇಡೂದೈತಲ್ಲಬೇ" ಎನ್ನುತ್ತಾರೆ ಅಜ್ಜ. ಅನ್ನುತ್ತಲೇ ತಾವೂ ಒಂದು ತೆಗೆದುಕೊಳ್ಳುತ್ತಾರೆ.

ಇಲ್ಲಿಂದ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜಿನ ಕಡೆಗೆ ಹೆಜ್ಜೆ ಹಾಕಿ. ದಾರಿಯಲ್ಲಿ ಒಬ್ಬ ಹುಡುಗ ಸೈಕಲ್ ತುಳಿಯುತ್ತ ನಿಮ್ಮನ್ನು ದಾಟುತ್ತಾನೆ. ಮೇಲೆ ಯೂನಿಫಾರ್ಮಿನ ಅಂಗಿ, ಕೆಳಗೆ ಮನೆಯ ಚಡ್ಡಿ. ಅರ್ಧ ಸಾಲಿ, ಅರ್ಧ ಸೂಟಿ. ತಳ್ಳುಗಾಡಿಯಲ್ಲಿ ಗಿಣಿಮೂತಿ ಮಾವಿನಕಾಯಿ ಸೀಳಿ ಉಪ್ಪುಖಾರ ಸವರಿ ಕೊಡುತ್ತಿದ್ದಾರೆ. ಕಚ್ಚಿದರೆ ಹಲ್ಲು ಜುಮ್ಮೆನ್ನುತ್ತದೆ, ಕಣ್ಣು ತಾನೇ ಮುಚ್ಚುತ್ತದೆ. ಆಪೂಸು ಕೇಳಿದರೆ ಗಾಡಿಯವನು ತಲೆಯಾಡಿಸುತ್ತಾನೆ. "ಇನ್ನ ಸ್ವಲ್ಪ ದಿನ ತಡೀರಿ. ಕೆಲಗೇರಿ ತ್ವಾಟದಾವು ಇನ್ನೂ ಅಡಿ ಹಾಕಿಲ್ಲ." ಹುಲ್ಲಿನಲ್ಲಿಟ್ಟ ಆ ಕಾಯಿ ಹಣ್ಣಾಗಿ ಮನೆಯೆಲ್ಲ ಘಮ್ಮೆನ್ನುವ ಹೊತ್ತಿಗೆ ಸೂಟಿ ಅರ್ಧ ಮುಗಿದಿರುತ್ತದೆ. ಕಾಡಿನ ಕವಳಿಹಣ್ಣು ಬುಟ್ಟಿಯಲ್ಲಿ ಬರುವುದು ಅದಕ್ಕೂ ಆಮೇಲೆ.

ಕರ್ನಾಟಕ ಕಾಲೇಜಿನ ಮೈದಾನ. ಒಂದು ಕಾಲಕ್ಕೆ ರೈಲ್ವೆ ಕಚೇರಿಯಾಗಿದ್ದ ಹಳೆಯ ಕಟ್ಟಡವೂ, 1917ರಲ್ಲಿ ಹುಟ್ಟಿದ ಈ ಕಾಲೇಜೂ ಇವತ್ತು ಹುಡುಗರ ಲೆಕ್ಕಕ್ಕಿಲ್ಲ. ಅವರ ಲೆಕ್ಕಕ್ಕೆ ಇರುವುದು ಬಯಲು ಮಾತ್ರ. ಎಷ್ಟು ಮ್ಯಾಚುಗಳು ನಡೆಯುತ್ತಿವೆಯೆಂದು ಎಣಿಸಲು ಹೋದರೆ ತಪ್ಪುತ್ತದೆ. ಒಂದು ಆಟದ ಬೌಂಡರಿಯಲ್ಲಿ ಇನ್ನೊಂದು ಆಟದ ವಿಕೆಟ್ಟು ಇದೆ. ಯಾರದೋ ಕ್ಯಾಚನ್ನು ಇನ್ಯಾರೋ ಹಿಡಿದು, ಔಟೋ ಅಲ್ಲವೋ ಎಂಬ ಜಗಳ ಎರಡು ತಂಡಗಳಿಗೂ ಹಬ್ಬುತ್ತದೆ. ಅಂಚಿನ ಮರದ ಕೆಳಗೆ ಹುಡುಗಿಯರು ಮಣ್ಣಿನಲ್ಲಿ ಚೌಕ ಗೀಚಿ ಕುಂಟಾಟಕ್ಕೆ ಇಳಿದಿದ್ದಾರೆ. ಅತ್ತ ಹೋದ ಚೆಂಡು ಅಷ್ಟು ಸುಲಭಕ್ಕೆ ಮರಳಿ ಬರುವುದಿಲ್ಲ.

ಆರರ ಹೊತ್ತಿಗೆ ಪಡುವಣ ಗಾಳಿ ಏಳುತ್ತದೆ. ಕತ್ತಿನ ಬೆವರು ಒಮ್ಮೆಲೇ ತಣ್ಣಗಾಗುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ, ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿ ಕೂತ ಊರು ಇದು. ಹಗಲೆಲ್ಲ ಕಾದ ನೆಲ ಸಂಜೆಗೆ ಘಟ್ಟದಾಚೆಯ ಕಡಲಗಾಳಿಯನ್ನು ಎಳೆದುಕೊಳ್ಳುತ್ತದೆ. ಇದೇ ಗಾಳಿ ಮೋಡ ಕಟ್ಟಿದ ದಿನ ಗುಡುಗಿ ಅಡ್ಡಮಳಿ ಸುರಿಸುತ್ತದೆ. ಇವತ್ತು ಮೋಡವಿಲ್ಲ, ಧೂಳು ಮಾತ್ರ.

ಕಟ್ಟೆಯ ಮೇಲೆ ಬ್ಯಾಟಿಂಗ್ ಸರದಿಗೆ ಕಾದು ಕೂತವರು ಏಳನೆಯದು ಮುಗಿಸಿದ ಹುಡುಗರು. ಅವರ ಕನ್ನಡ ಸಾಲಿ ಏಳಕ್ಕೇ ಮುಗಿಯುತ್ತದೆ. ಎಂಟನೆಯದಕ್ಕೆ ಹೈಸ್ಕೂಲು, ಅದೂ ಎಲ್ಲರಿಗೂ ಒಂದೇ ಅಲ್ಲ.

"ನೀ ಯಾವ ಸಾಲಿಗೆ ಹೊಂಟೀಲೇ?"

"ಮಾಮಾನ ಊರಿಗೆ. ಗದಗ."

ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. "ಹಂಗಾರ ನಮ್ಮ ಟೀಮಿಗೆ ಕೀಪರ್ ಯಾರಲೇ?" ಎನ್ನುತ್ತಾನೆ ಮೊದಲಿನವನು. ಬೀಳ್ಕೊಡುಗೆ ಅಷ್ಟೇ. ಯಾರೋ ಔಟಾದರು, ಗದಗಿಗೆ ಹೋಗುವವನು ಬ್ಯಾಟು ಕಸಿದುಕೊಂಡು ಓಡಿದ.

ಈಗ ಕೆಲಗೇರಿ ಕಡೆಗೆ ನೋಡಿ. ಸೂರ್ಯ ಕೆಂಪಾಗಿದ್ದಾನೆ, ಇಳಿಯಲು ಅವಸರವಿಲ್ಲ. ಇದಕ್ಕೊಂದು ಲೆಕ್ಕವಿದೆ. ದೇಶದ ಗಡಿಯಾರಗಳೆಲ್ಲ ನಡೆಯುವುದು ಪ್ರಯಾಗರಾಜದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ. ಧಾರವಾಡ ಇರುವುದು 75ರ ಮೇಲೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಕೋಲ್ಕತ್ತದಲ್ಲಿ ಇವತ್ತು ಆರಕ್ಕೆ ಮೊದಲೇ ಹೊತ್ತು ಮುಳುಗಿದೆ, ಇಲ್ಲಿ 6.40 ದಾಟಬೇಕು. ಬೇರೆ ದಿನಗಳಲ್ಲಿ ಈ ಬೆಳಕು ಟ್ಯೂಷನ್ನಿಗೆ, ಮಗ್ಗಿಗೆ, ನಾಳಿನ ಹೋಮ್‌ವರ್ಕಿಗೆ ಖರ್ಚಾಗುತ್ತದೆ. ಇವತ್ತು ಇಡಿಯಾಗಿ ಹುಡುಗರ ಪಾಲಿಗೆ ಬಂದಿದೆ, ಅವರು ಅದರ ಕೊನೆಯ ಚೂರನ್ನೂ ಬಿಡುವವರಲ್ಲ.

ಸೂರ್ಯ ಮುಳುಗಿದ ಮೇಲೂ ಆಟ ನಡೆದಿದೆ. ಚೆಂಡು ಕಾಣುವುದಿಲ್ಲ, ಸಪ್ಪಳದ ಮೇಲೆ ಫೀಲ್ಡಿಂಗು. ರಸ್ತೆಯ ಆಚೆ ಗಾಡಿಯವನ ಬಾಣಲೆಯಲ್ಲಿ ಮಿರ್ಚಿ ಚುಂಯ್ ಎನ್ನುತ್ತಿದೆ. ಚುರುಮುರಿಗೆ ಹುಣಸೆ–ಬೆಲ್ಲದ ಗೊಜ್ಜು, ಪುಠಾಣಿ ಹಿಟ್ಟು ಕಲಸಿ, ಹಸಿ ಉಳ್ಳಾಗಡ್ಡಿ ಉದುರಿಸಿದ ಗಿರಮಿಟ್ಟಿನ ವಾಸನೆ ಮೈದಾನಕ್ಕೇ ಬಂದು ಕರೆಯುತ್ತದೆ. ಕಿಸೆಗಳೆಲ್ಲ ತಡಕಾಡಿ ರೊಕ್ಕ ಕೂಡಿಸಿದರೆ ಎರಡೇ ಪ್ಲೇಟಿಗೆ ಸಾಕಾಗುತ್ತದೆ. ಅದನ್ನೇ ಎಲ್ಲರೂ ಮುಗಿಬಿದ್ದು ತಿನ್ನುತ್ತಾರೆ. ಖಾರ ಹತ್ತಿದವನಿಗೆ ಯಾರೂ ನೀರು ಕೊಡುವುದಿಲ್ಲ.

ಗೇಟಿನ ಹತ್ತಿರ ಒಬ್ಬ ತಾಯಿ ಬಂದು ನಿಂತಿದ್ದಾರೆ. ನಿನ್ನೆಯವರೆಗೂ ಅವರ ಕೂಗಿನಲ್ಲಿ ಗಣಿತದ ಪುಸ್ತಕ ಇರುತ್ತಿತ್ತು. ಇವತ್ತು ಅದರಲ್ಲಿ ಊಟ ಒಂದೇ ಇದೆ. ಅದಕ್ಕೇ ಏನೋ, ಮಗ ಎರಡನೇ ಕೂಗಿಗೇ ಹೊರಡುತ್ತಾನೆ. ಹೊರಡುವ ಮುನ್ನ ತಿರುಗಿ ಗೆಳೆಯರಿಗೆ ಒದರುತ್ತಾನೆ: "ನಾಳೆ ಮುಂಜಾನೆ ಆರಕ್ಕ ಬರ್ರಲೇ! ನಾ ಇನ್ನೂ ಔಟಾಗಿಲ್ಲ, ಬ್ಯಾಟಿಂಗ್ ನಂದ!"

"ಆರಕ್ಕ?" ತಾಯಿ ಸೊಂಟದ ಮೇಲೆ ಕೈಯಿಡುತ್ತಾರೆ. "ಇಷ್ಟ್ ದಿನಾ ಏಳು ಹೊಡದ್ರೂ ಏಳತಿದ್ದಿಲ್ಲಲ್ಲೋ ನೀ?"

"ಆಗ ಸಾಲಿ ಇತ್ತಲ್ಲ ಬೇ!"